ಸಮುದ್ರ ಬಹಳ ದೊಡ್ಡದು: ಟೋನಿ ಹೇವರ್ಡ್ ಪ್ರಕರಣ

ಮ್ಯಾನೇಜ್‌ಮೆಂಟ್ ಓದುವವರಿಗೆ ಟೋನಿ ಹೇವರ್ಡ್ ಅಂದರೆ ಒಂದೇ ವಾಕ್ಯ: "ನನಗೆ ನನ್ನ ಬದುಕು ವಾಪಸ್ ಬೇಕು." 11 ಜನ ಸತ್ತು, ಸಮುದ್ರದ ತಳದಿಂದ 40 ದಿನಗಳಿಂದ ಎಣ್ಣೆ ಉಕ್ಕುತ್ತಿದ್ದಾಗ ಬ್ರಿಟನ್ನಿನ ತೈಲ ಕಂಪನಿ ಬಿಪಿಯ ಮುಖ್ಯಸ್ಥ ಕ್ಯಾಮೆರಾ ಮುಂದೆ ಆಡಿದ ಮಾತು ಇದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಲ್ಲಿ ಗಾದೆಯೇ ಇದೆ. ಹಾಗಾಗಿ ತರಗತಿಯ ಪಾಠವೂ ಸುಲಭ. ಮೈಕ್ ಕಂಡಾಗ ಬಾಯಿ ಭದ್ರ!

ನನಗೆ ಈ ಪಾಠ ಅಷ್ಟಾಗಿ ಒಪ್ಪಿಗೆಯಿಲ್ಲ. 2010ರ ಆ ಬೇಸಿಗೆಯಲ್ಲಿ ಹೇವರ್ಡ್ ಆಡಿದ ಮಾತುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ. ಬಾಯಿ ಜಾರಿದ್ದಕ್ಕಿಂತ ಜಾಸ್ತಿ, ಲೆಕ್ಕ ಹಾಕುವ ಒಂದು ಅಭ್ಯಾಸ ಅಲ್ಲಿ ಕಾಣುತ್ತದೆ. ಯಾವುದನ್ನು ಎಣಿಸಬೇಕು, ಯಾವುದರಿಂದ ಭಾಗಿಸಬೇಕು ಅನ್ನುವ ಅಭ್ಯಾಸ. ಅದು ಅವರೊಬ್ಬರದ್ದಷ್ಟೇ ಆಗಿರಲಿಲ್ಲ. ಬಿಪಿಯ ಮೀಟಿಂಗ್ ರೂಮುಗಳಿಂದ ಹಿಡಿದು ಬಾವಿ ಕೊರೆಯುವ ರಿಗ್‌ನ ಪ್ರೆಶರ್ ಗೇಜ್‌ವರೆಗೂ ಅದೇ ಇತ್ತು.

ರಿಗ್‌ನಿಂದ ಮೇಲಿನ ಮಹಡಿಗೆ

ಹೇವರ್ಡ್ ಹುಟ್ಟಿದ್ದು 1957ರಲ್ಲಿ, ದಕ್ಷಿಣ ಇಂಗ್ಲೆಂಡಿನಲ್ಲಿ. ಏಳು ಮಕ್ಕಳಲ್ಲಿ ಮೊದಲನೆಯವರು. ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ ಮೊದಲ ದರ್ಜೆಯಲ್ಲಿ ಪಾಸಾದರು. ಆಮೇಲೆ ಎಡಿನ್‌ಬರದಲ್ಲಿ ಪಿಎಚ್‌ಡಿ. ಬ್ರಿಟನ್ನಿನ ದೊಡ್ಡ ಕಂಪನಿಗಳ ತುದಿಯಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಖಗಳೇ ಜಾಸ್ತಿ. ಇವರು ಆ ಬಾಗಿಲಿನಿಂದ ಬಂದವರಲ್ಲ. 1982ರಲ್ಲಿ ಬಿಪಿ ಸೇರಿದಾಗ ಸಿಕ್ಕಿದ ಕೆಲಸ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ, ರಿಗ್ ಭೂವಿಜ್ಞಾನಿಯಾಗಿ. ಕೊರೆದ ಬಾವಿಯಿಂದ ಬರುವ ಕಲ್ಲಿನ ಪುಡಿ ನೋಡಿ ಕೆಳಗೆ ಏನಿದೆ ಅಂತ ಹೇಳುವ ಕೆಲಸ. ಇದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಅಮೆರಿಕದ ಸಂಸತ್ತಿನಲ್ಲಿ "ಆ ತೀರ್ಮಾನದಲ್ಲಿ ನಾನಿರಲಿಲ್ಲ" ಎಂದು ಮತ್ತೆ ಮತ್ತೆ ಹೇಳಿದ ವ್ಯಕ್ತಿಗೆ ರಿಗ್ ಅಂದರೇನು ಅಂತ ಚೆನ್ನಾಗಿಯೇ ಗೊತ್ತಿತ್ತು.

1990ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ನಡೆದ ಕಂಪನಿಯ ಸಮಾವೇಶದಲ್ಲಿ ಹೇವರ್ಡ್ ಮೇಲೆ ಜಾನ್ ಬ್ರೌನ್ ಕಣ್ಣು ಬಿತ್ತು. ಬ್ರೌನ್ ಮುಂದೆ ಬಿಪಿಯ ದೊರೆಯಂತೆ ಮೆರೆದವರು. ತಮ್ಮ ಆಪ್ತ ಸಹಾಯಕರಾಗಿ ಚುರುಕಾದ ಕಿರಿಯರನ್ನು ಆರಿಸಿಕೊಳ್ಳುತ್ತಿದ್ದರು. ಕಂಪನಿಯೊಳಗೆ ಅವರಿಗೆ 'ಆಮೆಗಳು' ಅಂತ ಅಡ್ಡಹೆಸರು. ಬ್ಯಾಗು ಹೊರುವುದರಿಂದ ಹಿಡಿದು ಫೋನ್ ಎತ್ತುವವರೆಗೆ ಎಲ್ಲ ಚಾಕರಿ ಇವರದೇ. ಆದರೆ ಆಮೆಯಾದವನು ಮೇಲೇರುವುದು ಗ್ಯಾರಂಟಿ. ಹೇವರ್ಡ್ ಕೊಲಂಬಿಯಾ, ವೆನೆಜುವೆಲಾ ಸುತ್ತಿ ಲಂಡನ್‌ಗೆ ಮರಳಿದರು. 2000ದಲ್ಲಿ ಕಂಪನಿಯ ಹಣಕಾಸಿನ ಖಜಾಂಚಿ. 2003ರ ಹೊತ್ತಿಗೆ ತೈಲ ಹುಡುಕುವ, ತೆಗೆಯುವ ಇಡೀ ವಿಭಾಗದ ಮುಖ್ಯಸ್ಥ.

ದಕ್ಷಿಣ ಅಮೆರಿಕದ ದಿನಗಳ ಒಂದು ಘಟನೆಯನ್ನು ಹೇವರ್ಡ್ ಆಗಾಗ ಹೇಳಿಕೊಳ್ಳುತ್ತಿದ್ದರು. ಕೆಲಸದಲ್ಲಿ ಸತ್ತ ಒಬ್ಬ ಹುಡುಗನ ಅಂತ್ಯಕ್ರಿಯೆಗೆ ಹೋಗಿದ್ದರಂತೆ. ಹುಡುಗನ ತಾಯಿ ಬಂದು ಇವರ ಎದೆಗೆ ಗುದ್ದಿ, ಹೀಗಾಗಲು ಯಾಕೆ ಬಿಟ್ಟೆ ಅಂತ ಕೇಳಿದಳಂತೆ. ಸುರಕ್ಷತೆಯ ಬಗ್ಗೆ ತಮ್ಮ ಯೋಚನೆಯೇ ಅಲ್ಲಿಂದ ಬದಲಾಯಿತು ಎನ್ನುತ್ತಿದ್ದರು. ಇದನ್ನು ನಾಟಕ ಅನ್ನಲು ನನಗೆ ಮನಸ್ಸಿಲ್ಲ. ನಿಜವಾಗಿಯೂ ನಾಟಿರಬಹುದು.

ಕಾಫಿ ಕಪ್ಪಿನ ಮುಚ್ಚಳ

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ಬಿಪಿಯ ರಿಫೈನರಿ ಸ್ಫೋಟಗೊಂಡಿತು. 15 ಜನ ಸತ್ತರು, ಸುಮಾರು 180 ಜನ ಗಾಯಗೊಂಡರು. ಮರುವರ್ಷ ಅಲಾಸ್ಕಾದಲ್ಲಿ ತುಕ್ಕು ಹಿಡಿದ ಪೈಪ್‌ಲೈನ್ ಸೋರಿತು. ಟೆಕ್ಸಸ್ ಸಿಟಿ ದುರಂತದ ಬಗ್ಗೆ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಸಮಿತಿ 2007ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರ ತಿರುಳು ಇಷ್ಟು. ಬಿಪಿ ಎಣಿಸುತ್ತಿದ್ದುದು ಜನ ಜಾರಿ ಬೀಳುವುದನ್ನು, ಕೈ ಕೊಯ್ದುಕೊಳ್ಳುವುದನ್ನು, ಗಾಯದಿಂದ ರಜೆ ಹಾಕುವುದನ್ನು. ಆ ಅಂಕಿಗಳು ಚೆನ್ನಾಗಿದ್ದವು. ಆದರೆ ಟ್ಯಾಂಕು, ವಾಲ್ವು, ಪೈಪು, ಅದರೊಳಗಿನ ಒತ್ತಡ ಎಷ್ಟು ಸುರಕ್ಷಿತ ಅನ್ನುವುದನ್ನು ಆ ಅಂಕಿಗಳು ಹೇಳುತ್ತಿರಲಿಲ್ಲ.

ಇವೆರಡೂ ಬೇರೆ ಬೇರೆ ಸಂಗತಿ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ, ಮುಚ್ಚಳ ಇಲ್ಲದ ಕಾಫಿ ಕಪ್ ಹಿಡಿದು ಓಡಾಡಬೇಡಿ ಅನ್ನುವುದು ಒಂದು ಬಗೆಯ ಎಚ್ಚರ. ಬಿಪಿ ಕಚೇರಿಗಳಲ್ಲಿ ಅದು ಧಾರಾಳವಾಗಿತ್ತು. ಬಾವಿಯ ತಳದ ಸಿಮೆಂಟ್ ಹಿಡಿದಿದೆಯೋ ಇಲ್ಲವೋ ಅಂತ ಮತ್ತೆ ನೋಡುವುದು ಇನ್ನೊಂದು ಬಗೆ. ಮೊದಲನೆಯದನ್ನು ತಿಂಗಳಿಗೊಮ್ಮೆ ಗ್ರಾಫ್ ಮಾಡಿ ಗೋಡೆಗೆ ಅಂಟಿಸಬಹುದು. ಎರಡನೆಯದು ಗ್ರಾಫಿಗೆ ಸಿಗುವುದು ಕಷ್ಟ. ದುಡ್ಡೂ ಜಾಸ್ತಿ, ದಿನವೂ ಜಾಸ್ತಿ.

ಹೇವರ್ಡ್‌ಗೆ ಇದು ಅರ್ಥವಾಗಿರಲಿಲ್ಲ ಅನ್ನುವ ಹಾಗಿಲ್ಲ. 2006ರ ಕೊನೆಗೆ ಹ್ಯೂಸ್ಟನ್‌ನಲ್ಲಿ ಸಿಬ್ಬಂದಿಯ ಮುಂದೆ ಮಾತಾಡುತ್ತಾ, ನಮ್ಮ ನಾಯಕತ್ವ ಮೇಲಿನಿಂದ ಹೇಳುವುದೇ ಹೆಚ್ಚು, ಕೆಳಗಿನವರ ಮಾತು ಕೇಳಿಸಿಕೊಳ್ಳುವುದಿಲ್ಲ ಎಂದಿದ್ದರು. ಬ್ರೌನ್ ಇನ್ನೂ ಕುರ್ಚಿಯಲ್ಲಿದ್ದಾಗಲೇ ಹೇಳಿದ ಮಾತು ಇದು. ಧೈರ್ಯ ಇತ್ತು ಅನ್ನಬೇಕು. 2007ರ ಮೇ 1ರಂದು, ಖಾಸಗಿ ಸಂಬಂಧವೊಂದರ ಬಗ್ಗೆ ನ್ಯಾಯಾಲಯಕ್ಕೆ ಸುಳ್ಳು ಹೇಳಿದ ಪ್ರಕರಣದಲ್ಲಿ ಬ್ರೌನ್ ದಿಢೀರನೆ ರಾಜೀನಾಮೆ ಕೊಟ್ಟರು. ಅದೇ ದಿನ ಹೇವರ್ಡ್ ಮುಖ್ಯಸ್ಥರಾದರು. ಸುರಕ್ಷತೆಯ ಮೇಲೆ ಲೇಸರ್ ಕಿರಣದ ಹಾಗೆ ಗಮನ ಇಡುತ್ತೇನೆ ಎಂದರು.

ಲೇಸರ್ ಬೀಸಿದ್ದು ನಿಜ. ಅದರ ಜತೆಗೇ ಕತ್ತರಿಯೂ ಬಂತು. ಮ್ಯಾನೇಜರ್‌ಗಳ ಹಂತಗಳನ್ನು 11ರಿಂದ 7ಕ್ಕೆ ಇಳಿಸಿದರು. ಸಾವಿರಾರು ಕೆಲಸ ಹೋದವು. 2009 ಒಂದೇ ವರ್ಷದಲ್ಲಿ 4 ಬಿಲಿಯನ್ ಡಾಲರಿಗೂ ಹೆಚ್ಚು ಖರ್ಚು ಉಳಿಸಿದೆವು ಎಂದು ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಮುಂದೆ ಹೇವರ್ಡ್ ಹೇಳಿದ್ದು ಕೇಳಿ. ನಮ್ಮಲ್ಲಿ ಜಗತ್ತನ್ನು ಉಳಿಸಲು ಹೊರಟವರೇ ಜಾಸ್ತಿಯಾಗಿಬಿಟ್ಟಿದ್ದರು, ನಮ್ಮ ಮೊದಲ ಕೆಲಸ ಷೇರುದಾರರಿಗೆ ಲಾಭ ತರುವುದು ಎಂಬುದನ್ನು ಮರೆತಿದ್ದೆವು. ಅಲ್ಲಿದ್ದವರಿಗೆ ಇದು ತಪ್ಪಾಗಿ ಕೇಳಿಸಿರಲಿಕ್ಕಿಲ್ಲ. ಷೇರು ಪೇಟೆಗಂತೂ ಇಂಥ ಮನುಷ್ಯನೇ ಬೇಕಿತ್ತು.

2009ರ ಅಕ್ಟೋಬರಿನಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಬಿಪಿಗೆ 87 ಮಿಲಿಯನ್ ಡಾಲರ್ ದಂಡ ಹಾಕಿತು. ಅಲ್ಲಿಯವರೆಗೆ ಆ ಇಲಾಖೆ ಹಾಕಿದ್ದರಲ್ಲೇ ದೊಡ್ಡ ದಂಡ. ಕಾರಣ ಅದೇ ಟೆಕ್ಸಸ್ ಸಿಟಿ. ಸರಿಪಡಿಸುತ್ತೇವೆ ಎಂದು ಒಪ್ಪಿಕೊಂಡ ಕೆಲಸಗಳನ್ನು ನಾಲ್ಕು ವರ್ಷವಾದರೂ ಪೂರ್ತಿ ಮಾಡಿರಲಿಲ್ಲ.

ಎರಡು ಗೇಜ್, ಒಂದು ಬಾವಿ

ಈಗ ಬಾವಿಗೆ ಬರೋಣ. ಹೆಸರು ಮಕೊಂಡೊ. ಮೆಕ್ಸಿಕೋ ಕೊಲ್ಲಿಯಲ್ಲಿ, ಅಮೆರಿಕದ ಲೂಯಿಸಿಯಾನ ದಡದಿಂದ ಸುಮಾರು 66 ಕಿ.ಮೀ. ದೂರ. ನೀರಿನ ಆಳವೇ 1,500 ಮೀಟರ್, ಅದರ ಕೆಳಗೆ ಮತ್ತೆ 4 ಕಿ.ಮೀ. ನೆಲ. ಕೊರೆಯುತ್ತಿದ್ದ ರಿಗ್ ಡೀಪ್‌ವಾಟರ್ ಹೊರೈಜನ್. ಇದು ಟ್ರಾನ್ಸ್‌ಓಶನ್ ಕಂಪನಿಯದು, ಬಿಪಿ ಬಾಡಿಗೆಗೆ ತೆಗೆದುಕೊಂಡಿತ್ತು. ಸಾಮಾನ್ಯ ರಿಗ್ ಅಲ್ಲ. ಹಿಂದಿನ ವರ್ಷವಷ್ಟೇ ಇದೇ ಕೊಲ್ಲಿಯ ಟೈಬರ್ ಎಂಬಲ್ಲಿ 10 ಕಿ.ಮೀ. ಮೀರಿ ಕೊರೆದು ಜಗತ್ತಿನ ದಾಖಲೆ ಮಾಡಿತ್ತು.

ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದರ ಅರ್ಧ ಕಥೆ ಗೊತ್ತು. ಕೊರೆಯುತ್ತಾ ಹೋಗುವುದು, ಕೇಸಿಂಗ್ ಪೈಪ್ ಇಳಿಸುವುದು. ನಮಗೆ ಇರುವ ಭಯ ಒಂದೇ, ನೀರು ಬರದಿದ್ದರೆ? ತೈಲ ಬಾವಿಯಲ್ಲಿ ಭಯ ತಿರುಗಾಮುರುಗಾ. ಕರೆಯದೆ ಬಂದುಬಿಟ್ಟರೆ? ಕೆಳಗಿನ ಎಣ್ಣೆ, ಗ್ಯಾಸ್ ಭಾರೀ ಒತ್ತಡದಲ್ಲಿ ಕೂತಿರುತ್ತದೆ. ಅದನ್ನು ಒತ್ತಿ ಹಿಡಿಯಲು ಪೈಪಿನೊಳಗೆ ಭಾರವಾದ ಕೆಸರಿನಂಥ ದ್ರವ ತುಂಬಿರುತ್ತಾರೆ. ಅದಕ್ಕೆ 'ಮಡ್' ಅಂತಲೇ ಹೆಸರು. ಕೊರೆಯುವುದು ಮುಗಿದ ಮೇಲೆ ತಳಕ್ಕೆ ಸಿಮೆಂಟ್ ಹಾಕಿ ಬಾಯಿ ಕಟ್ಟಿ, ಮಡ್ ತೆಗೆದು, ರಿಗ್ ಹೊರಡುತ್ತದೆ. ಸಿಮೆಂಟ್ ಹಿಡಿಯದಿದ್ದರೆ ಮಡ್ ತೆಗೆದ ಗಳಿಗೆಯಲ್ಲಿ ಕೆಳಗಿನದು ಮೇಲೆ ಬರುತ್ತದೆ.

2010ರ ಏಪ್ರಿಲ್ ಹೊತ್ತಿಗೆ ಮಕೊಂಡೊ ಕೆಲಸ ಸುಮಾರು ಆರು ವಾರ ತಡವಾಗಿತ್ತು. ಬಜೆಟ್ಟಿಗಿಂತ 58 ಮಿಲಿಯನ್ ಡಾಲರ್ ಹೆಚ್ಚು ಖರ್ಚಾಗಿತ್ತು. ರಿಗ್ ನಿಂತಲ್ಲೇ ನಿಂತರೂ ದಿನಕ್ಕೆ ಅರ್ಧ ಮಿಲಿಯನ್ ಡಾಲರ್ ಬಾಡಿಗೆ. ಈ ಒತ್ತಡದಲ್ಲಿ ಸಣ್ಣ ಸಣ್ಣ ತೀರ್ಮಾನಗಳು ನಡೆದವು. ಕೇಸಿಂಗ್ ಪೈಪನ್ನು ಬಾವಿಯ ಮಧ್ಯಕ್ಕೆ ಹಿಡಿದಿಡುವ ಬಳೆಗಳು 21 ಬೇಕು ಅಂತ ಸಿಮೆಂಟ್ ಕೆಲಸದ ಹ್ಯಾಲಿಬರ್ಟನ್ ಎಂಜಿನಿಯರ್ ಲೆಕ್ಕ ಹಾಕಿದ್ದರು. ಬಿಪಿ 6 ಹಾಕಿತು. ಆಗಿದ್ದು ಆಯಿತು, ಬಹುಶಃ ಏನೂ ತೊಂದರೆಯಾಗಲಿಕ್ಕಿಲ್ಲ ಎಂಬ ಅರ್ಥದಲ್ಲಿ ಒಬ್ಬ ಎಂಜಿನಿಯರ್ ಇನ್ನೊಬ್ಬರಿಗೆ ಇಮೇಲ್ ಬರೆದರು. ಸಿಮೆಂಟ್ ಹಿಡಿದಿದೆಯೇ ಅಂತ ನೋಡುವ ಪರೀಕ್ಷೆಗೆ ಷ್ಲಂಬರ್ಜರ್ ಕಂಪನಿಯ ತಂಡ ರಿಗ್‌ಗೆ ಬಂದು ಕೂತಿತ್ತು. ಖರ್ಚು ಸುಮಾರು 1,28,000 ಡಾಲರ್. ಬೇಡ ಎಂದು ಏಪ್ರಿಲ್ 20ರ ಬೆಳಿಗ್ಗೆ ಅವರನ್ನು ವಾಪಸ್ ಕಳಿಸಿದರು.

ಆ ಮಧ್ಯಾಹ್ನ ಹೆಲಿಕಾಪ್ಟರಿನಲ್ಲಿ ನಾಲ್ವರು ದೊಡ್ಡ ಅಧಿಕಾರಿಗಳು ಬಂದರು. ಇಬ್ಬರು ಬಿಪಿಯವರು, ಇಬ್ಬರು ಟ್ರಾನ್ಸ್‌ಓಶನ್‌ನವರು. ಬಂದ ಕಾರಣಗಳಲ್ಲಿ ಒಂದು, ಈ ರಿಗ್‌ನವರ ಬೆನ್ನು ತಟ್ಟುವುದು. ಏಳು ವರ್ಷದಲ್ಲಿ ಗಾಯದಿಂದ ಒಬ್ಬರ ಒಂದು ದಿನದ ಕೆಲಸವೂ ತಪ್ಪಿರಲಿಲ್ಲ! ಬೇಕರ್ ವರದಿ ಹೇಳಿದ್ದು ಇದನ್ನೇ, ಅಲ್ವಾ?

ಅದೇ ಸಂಜೆ ಬಾವಿ ಗಟ್ಟಿಯಾಗಿದೆಯೇ ಅಂತ ಒತ್ತಡದ ಪರೀಕ್ಷೆ ನಡೆಯಿತು. ಮಡ್ ಭಾರ ಕಡಿಮೆ ಮಾಡಿ, ಪೈಪಿನ ಒತ್ತಡವನ್ನು ಸೊನ್ನೆಗೆ ತಂದು ಕಾಯುವುದು. ಸೊನ್ನೆಯಲ್ಲೇ ನಿಂತರೆ ಸರಿ. ಮೇಲೇರಿದರೆ ಕೆಳಗಿಂದ ಏನೋ ನುಗ್ಗುತ್ತಿದೆ ಎಂದರ್ಥ. ಕೊರೆಯುವ ಪೈಪಿನ ಗೇಜ್ ಮತ್ತೆ ಮತ್ತೆ ಏರಿ 1,400 ಪಿಎಸ್‌ಐಗೆ ಹೋಗಿ ನಿಂತಿತು. ಪಕ್ಕದ ಇನ್ನೊಂದು ಸಣ್ಣ ಪೈಪಿನಲ್ಲಿ ನೋಡಿದರೆ ಸೊನ್ನೆ. ಎರಡೂ ಒಂದೇ ಬಾವಿಗೆ ಸೇರಿದ ಪೈಪು. ಒಂದೇ ಟ್ಯಾಂಕಿಗೆ ಹಾಕಿದ ಎರಡು ನಲ್ಲಿಯಲ್ಲಿ ಒಂದು ಭರ್ರನೆ ಸುರಿದು ಇನ್ನೊಂದು ಒಣಗಿದ್ದರೆ ನಾವಾದರೆ ಏನೋ ಕಟ್ಟಿಕೊಂಡಿದೆ ಅಂತೀವಿ. ಅವರು ಸೊನ್ನೆ ತೋರಿಸಿದ ಗೇಜನ್ನು ನಂಬಿದರು. ಇನ್ನೊಂದರ 1,400ಕ್ಕೆ ಒಂದು ವಿವರಣೆಯನ್ನೂ ಹುಡುಕಿಕೊಂಡರು. ರಾತ್ರಿ 8ರ ಹೊತ್ತಿಗೆ ಪರೀಕ್ಷೆ ಪಾಸು ಅಂತಾಯಿತು.

9 ಗಂಟೆ 50 ನಿಮಿಷದ ಆಸುಪಾಸಿನಲ್ಲಿ ರಿಗ್ ಸಿಡಿಯಿತು. ಬಾವಿಯ ಬಾಯಿಗೆ ಕೂರಿಸಿದ್ದ, ಇಂಥ ಹೊತ್ತಿಗೇ ಇಟ್ಟಿದ್ದ ಬೃಹತ್ ವಾಲ್ವು ಬಾವಿಯನ್ನು ಮುಚ್ಚಲಿಲ್ಲ. 126 ಜನರಲ್ಲಿ 115 ಜನ ಬದುಕಿ ಬಂದರು. ಉಳಿದ 11 ಜನರ ದೇಹಗಳೂ ಸಿಗಲಿಲ್ಲ. ಏಪ್ರಿಲ್ 22ರಂದು ರಿಗ್ ಮುಳುಗಿತು.

ದೊಡ್ಡ ಸಮುದ್ರ, ಸಣ್ಣ ಅಂಕಿ

ಮುಳುಗಿ ಐದೇ ದಿನಕ್ಕೆ ಬಿಪಿಯ ಮೂರು ತಿಂಗಳ ಲೆಕ್ಕ ಹೊರಬಿತ್ತು. ಲಾಭ 5.6 ಬಿಲಿಯನ್ ಡಾಲರ್, ಹಿಂದಿನ ವರ್ಷದ ಎರಡು ಪಟ್ಟಿಗೂ ಹೆಚ್ಚು.

ಎಷ್ಟು ಎಣ್ಣೆ ಸೋರುತ್ತಿದೆ ಅನ್ನುವ ಲೆಕ್ಕವೇ ಬೇರೆ ರೀತಿ ಬೆಳೆಯಿತು. ಮೊದಲು ದಿನಕ್ಕೆ 1,000 ಬ್ಯಾರೆಲ್ ಎಂದರು. ಏಪ್ರಿಲ್ ಕೊನೆಗೆ 5,000. ಸಮುದ್ರ ತಳದ ವಿಡಿಯೊ ಹೊರಬಂದ ಮೇಲೆ ಹೊರಗಿನ ವಿಜ್ಞಾನಿಗಳು ನೋಡಿ ಇದು ಹತ್ತಾರು ಸಾವಿರ ಎಂದರು. ಕೊನೆಗೆ ಅಮೆರಿಕದ ಸರಕಾರ ನಿಂತ ಅಂಕಿ: ಶುರುವಿನಲ್ಲಿ ದಿನಕ್ಕೆ 62,000, ಮುಚ್ಚುವ ಹೊತ್ತಿಗೆ 53,000. 87 ದಿನ ಹರಿದು ಒಟ್ಟು 49 ಲಕ್ಷ ಬ್ಯಾರೆಲ್. ಇದು ಸುಮ್ನೆ ಕುತೂಹಲದ ಅಂಕಿಯಲ್ಲ. ಅಲ್ಲಿನ ಕಾನೂನಿನಲ್ಲಿ ದಂಡ ಬೀಳುವುದೇ ಬ್ಯಾರೆಲ್ ಲೆಕ್ಕದಲ್ಲಿ. ಸೋರಿಕೆಯ ಪ್ರಮಾಣದ ಬಗ್ಗೆ ದಾರಿ ತಪ್ಪಿಸಿದ್ದಕ್ಕೆ ಮುಂದೆ ಬಿಪಿ ಷೇರು ಪೇಟೆಯ ನಿಯಂತ್ರಕರಿಗೆ 525 ಮಿಲಿಯನ್ ಡಾಲರ್ ಕಟ್ಟಬೇಕಾಯಿತು.

ಮೇ ಮಧ್ಯದಲ್ಲಿ ಹೇವರ್ಡ್ ಒಂದು ಬ್ರಿಟಿಷ್ ಪತ್ರಿಕೆಗೆ ಹೇಳಿದರು: ಮೆಕ್ಸಿಕೋ ಕೊಲ್ಲಿ ಬಹಳ ದೊಡ್ಡ ಸಮುದ್ರ, ಒಟ್ಟು ನೀರಿಗೆ ಹೋಲಿಸಿದರೆ ನಾವು ಹಾಕುತ್ತಿರುವ ಎಣ್ಣೆ ತೀರಾ ಸಣ್ಣದು. ಕೆಲವು ದಿನ ಬಿಟ್ಟು, ಪರಿಸರದ ಮೇಲೆ ಪರಿಣಾಮ "ಬಹಳ ಬಹಳ ಕಡಿಮೆ" ಇರಬಹುದು ಎಂದರು.

ಗಣಿತವಾಗಿ ನೋಡಿದರೆ ಇದರಲ್ಲಿ ತಪ್ಪಿಲ್ಲ. ಕೊಲ್ಲಿಯಲ್ಲಿ ಸುಮಾರು 24 ಲಕ್ಷ ಘನ ಕಿ.ಮೀ. ನೀರಿದೆ. 49 ಲಕ್ಷ ಬ್ಯಾರೆಲ್ ಅಂದರೆ ಒಂದು ಘನ ಕಿ.ಮೀ.ನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಭಾಗಿಸಿ ನೋಡಿ, ಸೊನ್ನೆಗಳ ಸಾಲೇ ಬರುತ್ತದೆ. ಭೂವಿಜ್ಞಾನಿಗೆ ಇಂಥ ಭಾಗಾಕಾರ ಅಭ್ಯಾಸ. ಕೋಟಿ ವರ್ಷಗಳಲ್ಲಿ, ಘನ ಕಿಲೋಮೀಟರ್‌ಗಳಲ್ಲಿ ಯೋಚಿಸುವ ವಿದ್ಯೆ ಅದು. ಆದರೆ ಎಣ್ಣೆಯಲ್ಲಿ ಒಂದು ಪಾಲು ನೀರಿನ ಮೇಲೆ ಪದರವಾಗಿ ತೇಲುತ್ತದೆ, ಅದರಲ್ಲಿ ಸ್ವಲ್ಪ ದಡಕ್ಕೂ ಬರುತ್ತದೆ. ಲೂಯಿಸಿಯಾನದಲ್ಲಿ ಸಿಗಡಿ ಹಿಡಿಯುವವನಿಗೆ 24 ಲಕ್ಷ ಘನ ಕಿ.ಮೀ. ಕಟ್ಟಿಕೊಂಡು ಏನಾಗಬೇಕು? ಜೂನ್ ಶುರುವಿಗೆ ಕೊಲ್ಲಿಯಲ್ಲಿ ಅಮೆರಿಕದ ಕೇಂದ್ರ ಸರಕಾರದ ಪಾಲಿನ ಮೀನುಗಾರಿಕೆ ಪ್ರದೇಶದಲ್ಲಿ ಶೇ. 37ರಷ್ಟನ್ನು ಮುಚ್ಚಿದ್ದರು. ಅವನು ಭಾಗಿಸುವುದಾದರೆ ಆ ಪ್ರದೇಶದಿಂದ ಭಾಗಿಸುತ್ತಾನೆ, ಇಲ್ಲವೇ ತನ್ನ ದೋಣಿಯ ಕಂತಿನಿಂದ.

ಮೇ 30ರಂದು ಆ ಪ್ರಸಿದ್ಧ ವಾಕ್ಯ ಬಂತು. ಪೂರ್ತಿ ಮಾತು ಕೇಳಿದರೆ, ಜನರಿಗೆ ಆದ ತೊಂದರೆಗೆ ಕ್ಷಮೆ ಕೇಳಿ, ಇದು ಮುಗಿಯಬೇಕೆಂದು ನನಗಿಂತ ಜಾಸ್ತಿ ಬಯಸುವವರು ಯಾರೂ ಇಲ್ಲ ಎಂದು, ಆಮೇಲೆ 'ನನ್ನ ಬದುಕು' ಎನ್ನುತ್ತಾರೆ. ದಣಿದ ಮನುಷ್ಯನ ಮಾತು ಅದು, ಅದರಲ್ಲಿ ಅನುಮಾನವಿಲ್ಲ. ವಾರಗಟ್ಟಲೆ ಮನೆ ಬಿಟ್ಟು ಅಲ್ಲೇ ಇದ್ದರು. ಆದರೂ 11 ಮನೆಗಳು ಆ ವಾಕ್ಯವನ್ನು ಟಿವಿಯಲ್ಲಿ ಕೇಳಿಸಿಕೊಂಡವು. ಮೂರು ದಿನಕ್ಕೆ ಹೇವರ್ಡ್ ಕ್ಷಮೆ ಕೇಳಿದರು. ಅಷ್ಟರಲ್ಲಿ, ಎಲ್ಲ ಸರಿಮಾಡುತ್ತೇವೆ ಎಂದು ಅವರೇ ಕಾಣಿಸಿಕೊಂಡ ಟಿವಿ ಜಾಹೀರಾತುಗಳು ಶುರುವಾದವು. ಅದಕ್ಕೆ 50 ಮಿಲಿಯನ್ ಡಾಲರ್ ಖರ್ಚು ಅಂತ ಸುದ್ದಿಯಾಗಿ ಅದೂ ತಿರುಗುಬಾಣವಾಯಿತು. ಇಂಥ ಮಾತಾಡುವವರು ನನ್ನ ಕೈಕೆಳಗೆ ಕೆಲಸದಲ್ಲಿ ಇರುತ್ತಿರಲಿಲ್ಲ ಎಂದು ಒಬಾಮಾ ಟಿವಿಯಲ್ಲಿ ಹೇಳಿದರು.

ನಮ್ಮಲ್ಲಿ ಆ ಜೂನ್ ತಿಂಗಳನ್ನು ಬೇರೆ ಕಾರಣಕ್ಕೆ ನೆನೆಯುವವರಿದ್ದಾರೆ. ಜೂನ್ 7ರಂದು ಭೋಪಾಲ್ ಅನಿಲ ದುರಂತದ ತೀರ್ಪು ಬಂತು. 25 ವರ್ಷಗಳ ನಂತರ, ಎರಡು ವರ್ಷ ಜೈಲು, ಕೂಡಲೇ ಜಾಮೀನು. ಜೂನ್ 16ರಂದು ಒಬಾಮಾ ಬಿಪಿಯವರನ್ನು ಶ್ವೇತಭವನಕ್ಕೆ ಕರೆಸಿಕೊಂಡು 20 ಬಿಲಿಯನ್ ಡಾಲರ್ ಪರಿಹಾರ ನಿಧಿಗೆ ಒಪ್ಪಿಸಿದರು, ಬಿಪಿ ಷೇರುದಾರರ ಡಿವಿಡೆಂಡ್ ನಿಲ್ಲಿಸಿತು. ಯೂನಿಯನ್ ಕಾರ್ಬೈಡ್ ಭೋಪಾಲಿಗೆ ಕೊಟ್ಟದ್ದು 470 ಮಿಲಿಯನ್. ಅದರ ಮುಖ್ಯಸ್ಥ ವಾರೆನ್ ಆಂಡರ್ಸನ್ ಬಂದು, ಬಂಧನವಾಗಿ, ಜಾಮೀನು ಪಡೆದು ಹೋದವರು ಮತ್ತೆ ವಿಚಾರಣೆಗೆ ಬರಲೇ ಇಲ್ಲ. ಎರಡು ದುರಂತಗಳನ್ನು ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಆ ವಾರ ಭಾರತದ ಪತ್ರಿಕೆಗಳನ್ನು ಓದಿದ ಯಾರಿಗೂ ಈ ಭಾಗಾಕಾರ ಮಾಡದೆ ಇರಲು ಆಗಲಿಲ್ಲ.

ಜೂನ್ 17ರಂದು ಸಂಸತ್ತಿನ ಉಪಸಮಿತಿಯ ಮುಂದೆ ಹೇವರ್ಡ್ ಕೂತರು. ಬಾವಿಯ ವಿನ್ಯಾಸ, ಬಳೆಗಳ ಸಂಖ್ಯೆ, ಬಿಟ್ಟುಬಿಟ್ಟ ಪರೀಕ್ಷೆ, ಎಲ್ಲದಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಆ ತೀರ್ಮಾನದಲ್ಲಿ ನಾನು ಇರಲಿಲ್ಲ. ತನಿಖೆ ಮುಗಿಯಲಿ. 30,000 ಪುಟಗಳ ದಾಖಲೆ ನೋಡಿದೆವು, ಈ ಬಾವಿಯ ಅಪಾಯದ ಬಗ್ಗೆ ನೀವು ಕಿಂಚಿತ್ತಾದರೂ ಗಮನ ಕೊಟ್ಟ ಸುಳಿವಿಲ್ಲ ಎಂದು ಸಂಸದ ಹೆನ್ರಿ ವ್ಯಾಕ್ಸ್‌ಮನ್ ರೇಗಿದರು. ವಕೀಲರು ಹೇಳಿಕೊಟ್ಟ ಉತ್ತರ ಅಂತ ಎಲ್ಲರಿಗೂ ಅನಿಸಿತು. ಇರಬಹುದು. ಆದರೆ ಅದು ನಿಜವೂ ಆಗಿತ್ತು ಅನ್ನುವುದು ಹೆಚ್ಚು ಕೆಟ್ಟದ್ದು. ಬಿಪಿ ವರ್ಷಕ್ಕೆ ನೂರಾರು ಬಾವಿ ಕೊರೆಯುತ್ತದೆ. ನೂರಾರರಿಂದ ಭಾಗಿಸಿದಾಗ ಒಂದು ಬಾವಿಯ ಆರು ಬಳೆ ಲಂಡನ್ನಿಗೆ ಕಾಣುವುದಿಲ್ಲ.

ಎರಡು ದಿನದ ಮೇಲೆ ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ದೋಣಿ ಸ್ಪರ್ಧೆಯಲ್ಲಿ ಅವರ ವಿಹಾರ ನೌಕೆ ಓಡಿತು, ಅವರೂ ಅಲ್ಲಿದ್ದರು. ನೌಕೆಯ ಹೆಸರು 'ಬಾಬ್'. ಶುದ್ಧವಾದ ನೀಲಿ ನೀರಿನ ಮೇಲೆ ಬಿಳಿ ಹಾಯಿ. ಕಾರ್ಟೂನು ಬರೆಯುವವರಿಗೆ ಕೆಲಸವೇ ಉಳಿಯಲಿಲ್ಲ.

ಲೆಕ್ಕ ಚುಕ್ತಾ

ಜೂನ್ 23ಕ್ಕೆ ಕೊಲ್ಲಿಯ ಉಸ್ತುವಾರಿಯನ್ನು ಅಮೆರಿಕದವರೇ ಆದ ಬಾಬ್ ಡಡ್ಲಿಗೆ ಕೊಟ್ಟರು. ಹೌದು, ಇವರೂ ಬಾಬ್. ಜುಲೈ 15ಕ್ಕೆ ಬಾವಿಗೆ ಮುಚ್ಚಳ ಬಿತ್ತು. ಜುಲೈ 27ರಂದು ಬಿಪಿ ಮೂರು ತಿಂಗಳಿಗೆ 17 ಬಿಲಿಯನ್ ಡಾಲರ್ ನಷ್ಟ ಘೋಷಿಸಿತು. ಬ್ರಿಟನ್ನಿನ ಕಂಪನಿ ಇತಿಹಾಸದಲ್ಲೇ ಮೂರು ತಿಂಗಳಲ್ಲಿ ಅಷ್ಟು ನಷ್ಟ ಕಂಡಿರಲಿಲ್ಲ. ಅದೇ ದಿನ ಹೇವರ್ಡ್ ನಿರ್ಗಮನವೂ ಘೋಷಣೆಯಾಯಿತು. ಒಂದು ವರ್ಷದ ಸಂಬಳ 10 ಲಕ್ಷ ಪೌಂಡ್ ಚಿಲ್ಲರೆ, ಮೇಲೆ ವರ್ಷಕ್ಕೆ ಸುಮಾರು 6 ಲಕ್ಷ ಪೌಂಡ್ ಪಿಂಚಣಿ. ಕೆಲವೊಮ್ಮೆ ಫುಟ್‌ಪಾತಿನಿಂದ ಇಳಿದ ಕೂಡಲೇ ಬಸ್ಸು ಬಂದು ಗುದ್ದುತ್ತದೆ ಎಂದರು. ನವೆಂಬರಿನಲ್ಲಿ ಬಿಬಿಸಿ ಮುಂದೆ ಇನ್ನಷ್ಟು ಬಿಚ್ಚಿ ಮಾತಾಡಿದರು. ಭೂವಿಜ್ಞಾನದ ಬದಲು ನಾಟಕ ಶಾಲೆಯಲ್ಲಿ ಓದಿದ್ದರೆ ಚೆನ್ನಾಗಿ ನಿಭಾಯಿಸುತ್ತಿದ್ದೆನೇನೋ ಎಂದರು. ಇಂಥ ಅಪಘಾತಕ್ಕೆ ಕಂಪನಿ ತಯಾರಾಗಿರಲಿಲ್ಲ, ದಿನದಿನಕ್ಕೆ ಹೊಸದಾಗಿ ಯೋಚಿಸಿ ಮಾಡುತ್ತಿದ್ದೆವು ಎಂದೂ ಒಪ್ಪಿಕೊಂಡರು. ಜನ ಮೊದಲನೆಯದನ್ನು ನೆನಪಿಟ್ಟುಕೊಂಡರು. ನನಗೆ ಎರಡನೆಯದೇ ಮುಖ್ಯ ಅನಿಸುತ್ತದೆ.

2012ರಲ್ಲಿ ಬಿಪಿ 11 ಜನರ ಸಾವಿಗೆ ಸಂಬಂಧಿಸಿದ ಆರೋಪಗಳೂ ಸೇರಿ 14 ಅಪರಾಧಗಳನ್ನು ಒಪ್ಪಿಕೊಂಡಿತು. 2014ರಲ್ಲಿ ನ್ಯಾಯಾಧೀಶರು ತಪ್ಪಿನ ಪಾಲನ್ನು ಬಿಪಿಗೆ ಶೇ. 67, ಟ್ರಾನ್ಸ್‌ಓಶನ್‌ಗೆ 30, ಹ್ಯಾಲಿಬರ್ಟನ್‌ಗೆ 3 ಎಂದು ಹಂಚಿದರು. ಬಿಪಿಗೆ ಒಟ್ಟು ಖರ್ಚು 65 ಬಿಲಿಯನ್ ಡಾಲರ್ ಆಸುಪಾಸು. ಸಾವುಗಳಿಗಾಗಿ ಕಟಕಟೆಗೆ ಬಂದ ವ್ಯಕ್ತಿಗಳು ರಿಗ್ ಮೇಲಿದ್ದ ಬಿಪಿಯ ಇಬ್ಬರು ಮೇಲ್ವಿಚಾರಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನರಹತ್ಯೆಯ ಆರೋಪವನ್ನು ಸರಕಾರವೇ ಕೊನೆಗೆ ಕೈಬಿಟ್ಟಿತು. ಒಬ್ಬರು ಸಣ್ಣ ಅಪರಾಧ ಒಪ್ಪಿಕೊಂಡು ಪ್ರೊಬೇಷನ್ ಪಡೆದರು, ಇನ್ನೊಬ್ಬರು ನಿರ್ದೋಷಿ ಎಂದಾಯಿತು. ಹೇವರ್ಡ್ ಮೇಲೆ ಯಾವ ಕ್ರಿಮಿನಲ್ ಮೊಕದ್ದಮೆಯೂ ಇರಲಿಲ್ಲ.

ಎರಡನೇ ಇನಿಂಗ್ಸ್

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಒಂದು ವರ್ಷವೂ ತುಂಬುವ ಮುಂಚೆ, 2011ರ ಜೂನ್‌ನಲ್ಲಿ, ಹೇವರ್ಡ್ ಬ್ಯಾಂಕರ್ ಮನೆತನದ ನ್ಯಾಟ್ ರಾತ್ಸ್‌ಚೈಲ್ಡ್ ಜತೆ ವಲ್ಲಾರೆಸ್ ಎಂಬ ಖಾಲಿ ಕಂಪನಿ ಕಟ್ಟಿ ಲಂಡನ್ ಪೇಟೆಯಿಂದ 1.35 ಬಿಲಿಯನ್ ಪೌಂಡ್ ಎತ್ತಿದರು. ಬಾವಿಯಿಲ್ಲ, ರಿಗ್ ಇಲ್ಲ, ಹೆಸರಷ್ಟೇ. ಹೂಡಿಕೆದಾರರಿಗೆ ಮಕೊಂಡೊ ದೊಡ್ಡ ಸಂಗತಿಯಾಗಿರಲಿಲ್ಲ ಅಂತ ಕಾಣುತ್ತದೆ. ಆ ಹಣದಿಂದ ಇರಾಕಿನ ಕುರ್ದಿಸ್ತಾನದಲ್ಲಿ ತೈಲ ತೆಗೆಯುತ್ತಿದ್ದ ಟರ್ಕಿಯ ಕಂಪನಿಯನ್ನು ಸೇರಿಸಿಕೊಂಡು ಗೆನೆಲ್ ಎನರ್ಜಿ ಹುಟ್ಟಿತು. ಕೆಲ ವರ್ಷ ಚೆನ್ನಾಗಿತ್ತು. 2016ರಲ್ಲಿ ಅದರ ದೊಡ್ಡ ಬಾವಿ ಪ್ರದೇಶ ತಕ್ ತಕ್‌ನಲ್ಲಿ ಮೊದಲು ಅಂದಾಜಿಸಿದ್ದರ ಸುಮಾರು ಅರ್ಧದಷ್ಟೇ ಎಣ್ಣೆ ಎಂದು ಗೊತ್ತಾಗಿ ಷೇರು ಕುಸಿಯಿತು. ಭೂವಿಜ್ಞಾನಿಯ ಕಂಪನಿಯಲ್ಲೂ ನೆಲ ಹೀಗೆ ಕೈಕೊಡುತ್ತದೆ.

ಗಣಿ ಲೋಕಕ್ಕೆ ಬಂದದ್ದು ಗ್ಲೆನ್‌ಕೋರ್ ಮೂಲಕ. ಸ್ವಿಟ್ಜರ್‌ಲ್ಯಾಂಡಿನಲ್ಲಿ ನೆಲೆಸಿರುವ ಈ ಕಂಪನಿ ತಾಮ್ರ, ಕೋಬಾಲ್ಟ್, ಕಲ್ಲಿದ್ದಲು ತೆಗೆಯುತ್ತದೆ, ಮಾರುತ್ತದೆ. 2011ರಲ್ಲಿ ಅದರ ನಿರ್ದೇಶಕ ಮಂಡಳಿ ಸೇರಿದರು. 2013ರ ಮೇ ತಿಂಗಳಲ್ಲಿ ಷೇರುದಾರರು ಅಧ್ಯಕ್ಷ ಜಾನ್ ಬಾಂಡ್ ಅವರನ್ನು ಮತ ಹಾಕಿ ಇಳಿಸಿದಾಗ ತಾತ್ಕಾಲಿಕ ಅಧ್ಯಕ್ಷರಾದರು. ತಾತ್ಕಾಲಿಕ ಎಂದದ್ದು ಎಂಟು ವರ್ಷ ನಡೆಯಿತು. 2015ರ ಸೆಪ್ಟೆಂಬರ್ 28ರಂದು, ಸುಮಾರು 30 ಬಿಲಿಯನ್ ಡಾಲರ್ ಸಾಲದ ಭಯದಲ್ಲಿ, ಗ್ಲೆನ್‌ಕೋರ್ ಷೇರು ಒಂದೇ ದಿನದಲ್ಲಿ ಶೇ. 29ರಷ್ಟು ಬಿತ್ತು. ಡಿವಿಡೆಂಡ್ ನಿಲ್ಲಿಸಿ, ಆಸ್ತಿ ಮಾರಿ ಚೇತರಿಸಿಕೊಂಡರು. ಈ ಬಾರಿ ಹೇವರ್ಡ್ ಕ್ಯಾಮೆರಾ ಹತ್ತಿರ ಸುಳಿಯಲಿಲ್ಲ. 2018ರಲ್ಲಿ ಲಂಚದ ತನಿಖೆ ಶುರುವಾಯಿತು. 2022ರಲ್ಲಿ ಕಂಪನಿ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಲಂಚ ಕೊಟ್ಟದ್ದನ್ನು ಒಪ್ಪಿಕೊಂಡಿತು. ಆ ಕೃತ್ಯಗಳಲ್ಲಿ ಹಲವು ಹೇವರ್ಡ್ ಬರುವ ಮೊದಲೇ ಶುರುವಾಗಿದ್ದವು. ಅವರ ಮೇಲೆ ಆರೋಪವಿರಲಿಲ್ಲ. 2021ರ ಜುಲೈನಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟಾಗ ಆ ಕುರ್ಚಿಗೆ ಬಂದದ್ದು ಮದ್ರಾಸ್ ಐಐಟಿಯಲ್ಲಿ ಓದಿದ ಕಾಳಿದಾಸ್ ಮಾಧವಪೆದ್ದಿ.

ಆ ಎಂಟು ವರ್ಷಗಳ ಒಂದು ದಿನ ಮಾತ್ರ ಹೇಳಿಬಿಡುತ್ತೇನೆ. 2019ರ ಜೂನ್ 27, ಕಾಂಗೋದ ಕೊಲ್ವೇಜಿ. ಗ್ಲೆನ್‌ಕೋರ್‌ಗೆ ಸೇರಿದ ತೆರೆದ ತಾಮ್ರದ ಗಣಿಗೆ ಹೊಟ್ಟೆಪಾಡಿಗಾಗಿ ಕದ್ದು ನುಗ್ಗಿ ಅದಿರು ಅಗೆಯುತ್ತಿದ್ದವರ ಮೇಲೆ ಮಣ್ಣು ಕುಸಿಯಿತು. 40ಕ್ಕೂ ಹೆಚ್ಚು ಜನ ಸತ್ತರು. ಆ ಇಡೀ ವರ್ಷ ತನ್ನ ಕೆಲಸಗಳಲ್ಲಿ ಸತ್ತವರು 17 ಎಂದು ಕಂಪನಿಯ ವಾರ್ಷಿಕ ವರದಿ ಹೇಳುತ್ತದೆ. ಕೊಲ್ವೇಜಿಯವರು ಆ ಪಟ್ಟಿಯಲ್ಲಿ ಇಲ್ಲ. ಅವರು ಕಂಪನಿಯ ಕೆಲಸಗಾರರಲ್ಲವಲ್ಲ.